ತೊಟ್ಟಿಲ ಮುಂದೆ ಅಪ್ಪಣೆ ಕೇಳಿದ ಯಂತ್ರ

ಎಲೆಕೊಪ್ಪಲು,
ಇಸವಿ 2318, ಎಂಟನೆಯ ಬೆಳೆ, ಹುಳು ಎರಡನೆಯ ಜ್ವರಕ್ಕೆ ಕೂತ ದಿನ.

ನಮ್ಮ ಮುತ್ತಜ್ಜಿಯರಿಗೂ ಮುತ್ತಜ್ಜಿಯರಾದ ಹಿರಿಯರಿಗೆ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮೂರಿನ ಹೊಂಬಾಳಮ್ಮ, 2271ರಲ್ಲಿ, ತನ್ನದೇ ಮದುವೆಯ ಬೀಗರೂಟದ ಪಂಕ್ತಿಯಲ್ಲಿ. ಕಥೆ ನಡೆದಾಗ ಅವಳು ತೊಟ್ಟಿಲಲ್ಲಿದ್ದ ಕೂಸು. ಆದರೂ ಎಲ್ಲವನ್ನೂ ಕಣ್ಣಾರೆ ಕಂಡೆ ಎಂದಳು. ಬೀಗರೂಟದ ದಿನ ಮದುಮಗಳ ಮಾತನ್ನು ಅಲ್ಲಗಳೆಯುವ ಧೈರ್ಯ ಯಾರಿಗಿದೆ? ಆ ಪಂಕ್ತಿಯಲ್ಲಿ ಕೂತಿದ್ದ ನನ್ನ ತಾಯಿ ಅದನ್ನು ನನಗೆ ಹೇಳಿದರು, ನಾನು ನಿಮಗೆ ಹೇಳುತ್ತಿದ್ದೇನೆ. ಕಾಗದ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆಂದು ಮಾತ್ರ ಕೇಳಬೇಡಿ. ಅಂಚೆಯವಳು ಒಯ್ಯುತ್ತೇನೆ ಎಂದಳು, ಕೊಟ್ಟೆ.

ಮೇಲಿನ ತಾರೀಕು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾವು ತಿಂಗಳು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ವರ್ಷವನ್ನು ರೇಷ್ಮೆ ಬೆಳೆಗಳಿಂದ ಎಣಿಸುತ್ತೇವೆ. ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ತಲೆಯೆತ್ತಿ ಮಂಕಾಗಿ ಕೂರುವುದನ್ನು ಜ್ವರ ಎನ್ನುತ್ತೇವೆ. ಅದು ನಿಮ್ಮ ಕಾಲದ ಮಾತೇ, ಹಾಗೆಯೇ ಉಳಿದುಕೊಂಡಿದೆ. ಉಳಿದ ಕೆಲವು ಮಾತುಗಳು ನಿಮಗೆ ಹೊಸವು. ಹುಳುಮನೆಯಲ್ಲಿ ತಟ್ಟೆಯಿಂದ ತಟ್ಟೆಗೆ ಓಡಾಡಿ ಸೊಪ್ಪು ಹಾಕುವ ಯಂತ್ರಕ್ಕೆ ಉಣಿಸುಗ ಎನ್ನುತ್ತೇವೆ. ಮೇಕೆಯಷ್ಟು ಎತ್ತರ, ಉದ್ದ ಕೈ, ಬಹಳ ಮರ್ಯಾದಸ್ಥ ಮಾತು. ಸೊಪ್ಪು ಬಾಡದಂತೆ ತಣ್ಣಗೆ ಇಡುವ ಕೋಣೆ ಸೊಪ್ಪಿನ ಮನೆ. ಅದರ ಬಾಗಿಲು ಬೀಗದ ಕೈಗೆ ತೆರೆಯುವುದಿಲ್ಲ, ಅಪ್ಪಣೆಗೆ ತೆರೆಯುತ್ತದೆ. ಬಾಗಿಲ ಮುಂದೆ ನಿಂತ ಯಂತ್ರ ತಾನು ಯಾರ ಕಡೆಯಿಂದ ಬಂದೆ, ಯಾವ ಕೆಲಸಕ್ಕೆ ಬಂದೆ ಎಂದು ತೋರಿಸುವ ಗುರುತೇ ಅಪ್ಪಣೆ. ನೀವು ಅದನ್ನು ಟೋಕನ್ ಎನ್ನುತ್ತಿದ್ದಿರಂತೆ.

ಅಪ್ಪಣೆಗಳಲ್ಲಿ ಜಾತಿಗಳುಂಟು. ಒಬ್ಬ ಮನುಷ್ಯನ ಹೆಸರಿನಲ್ಲಿ ಯಂತ್ರ ಹೋಗಿಬಂದರೆ ಅದು ಆಳಪ್ಪಣೆ. ಪೇಟೆಯಿಂದ ಉಪ್ಪು ತರಿಸುವುದಕ್ಕೆ, ನೆಂಟರ ಮನೆಗೆ ಬುತ್ತಿ ಕಳಿಸುವುದಕ್ಕೆ ಇದು ಚೆನ್ನ. ದಿನಕ್ಕೊಂದು ಸಲ ಯಂತ್ರ ಬಂದು ಆ ಮನುಷ್ಯನನ್ನು ಕೇಳುತ್ತದೆ, ಅವನು "ಹೂಂ" ಎನ್ನಬೇಕು, ಅಷ್ಟೆ. ಯಾರನ್ನೂ ಕೇಳದೆ ಬೆಳೆ ಮುಗಿಯುವ ತನಕ ಹಗಲಿರುಳು ನಡೆಯಬೇಕಾದ ಕೆಲಸಕ್ಕೆ ಕೆಲಸದಪ್ಪಣೆ ಬೇರೆಯೇ ಇದೆ. ಅದು ಕೆಲಸದ ಹೆಸರಿನಲ್ಲಿರುತ್ತದೆ, ಮನುಷ್ಯನ ಹೆಸರಿನಲ್ಲಲ್ಲ. ಅದನ್ನು ಪಡೆಯಲು ಊರ ಅಪ್ಪಣೆಗಾರನ ಕಟ್ಟೆಗೆ ಹೋಗಬೇಕು, ಇಬ್ಬರು ಹೊಣೆ ನಿಲ್ಲಬೇಕು. ಹೊಂಬಾಳಮ್ಮನ ಅಜ್ಜಿಗೆ ಅಷ್ಟು ದೂರ ನಡೆಯಲು ಬೇಸರ. ಬೆಳೆ ಶುರುವಾದಾಗ ಉಣಿಸುಗನಿಗೆ ತನ್ನ ಆಳಪ್ಪಣೆಯನ್ನೇ ಕೊಟ್ಟುಬಿಟ್ಟಳು. ದಿನಾ ಮಧ್ಯಾಹ್ನ ಅದು ಬಂದು ಕೇಳುವುದು, ಅವಳು ತಾಂಬೂಲ ಅಗಿಯುತ್ತಾ "ಹೂಂ" ಎನ್ನುವುದು. ಎಲ್ಲ ಸರಾಗವಾಗಿ ನಡೆಯುತ್ತಿತ್ತು.

ಅಜ್ಜಿ ಸಾಕುತ್ತಿದ್ದದ್ದು ಸಾಮಾನ್ಯ ಹುಳುವಲ್ಲ, ಹಳದಿ ಗೂಡು ಕಟ್ಟುವ ಹಳೆಯ ತಳಿ. ಊರಿನವರೆಲ್ಲ ಬಿಳಿ ಗೂಡಿಗೆ ಹೋಗಿದ್ದರು. ಹಳದಿ ಹುಳು ನಿಧಾನಸ್ಥ. ಬೇರೆಯವರ ಹುಳು ಮೇಯುವುದು ಮುಗಿಸಿ ಹಣ್ಣಾಗಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಂಕಿ ಹತ್ತಿ ಗೂಡು ಕಟ್ಟಿ ಮುಗಿಸಿದರೂ ಅಜ್ಜಿಯ ಹುಳು ಇನ್ನೂ ತಿನ್ನುತ್ತಲೇ ಇರುತ್ತಿತ್ತು. ಆ ವರ್ಷ ಆ ತಳಿ ಉಳಿದಿದ್ದದ್ದು ಅವಳ ತಟ್ಟೆಗಳಲ್ಲಿ ಮಾತ್ರ. ಬಿತ್ತನೆಗೆ ಮೊಟ್ಟೆ ಇಡಿಸಬೇಕಿದ್ದದ್ದೂ ಆ ಬೆಳೆಯಿಂದಲೇ. ಅದು ಸತ್ತರೆ ಹಳದಿ ಗೂಡಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ನಾಲ್ಕನೆಯ ಜ್ವರ ಕಳೆದು ಹುಳು ಹಸಿದ ನೆಂಟರಂತೆ ತಿನ್ನುವ ಹೊತ್ತಿನಲ್ಲಿ ಮೊಮ್ಮಗಳ ನಾಮಕರಣ ಬಂತು. ನಮ್ಮಲ್ಲೊಂದು ಪದ್ಧತಿಯಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಿಮ್ಮ ಕಾಲದಲ್ಲೂ ಇತ್ತು. ನಾವು ಒಂದು ಹೆಜ್ಜೆ ಮುಂದೆ ಹೋದೆವು. ಅಜ್ಜಿ ತನ್ನ ಹೆಸರನ್ನು ಪೂರ್ತಿ ಬಿಟ್ಟುಕೊಡುತ್ತಾಳೆ, ಪಂಕ್ತಿಯಲ್ಲಿ ಕೂತವರು ಕೂಗಿದ ಹೆಸರುಗಳಲ್ಲಿ ಒಂದನ್ನು ತಾನು ಹೊಸದಾಗಿ ಆರಿಸಿಕೊಳ್ಳುತ್ತಾಳೆ. ಅಂದು ಅಜ್ಜಿ ತನ್ನ "ಹೊಂಬಾಳಮ್ಮ" ಎಂಬ ಹೆಸರನ್ನು ಕೂಸಿನ ಕಿವಿಯಲ್ಲಿ ಉಸುರಿ, "ನಾನಿನ್ನು ಚೆಲುವಾಂಬೆ" ಎಂದಳು.

"ಈಗಲಾದ್ರೂ ಆದ್ಯಲ್ಲ ಬುಡು," ಎಂದ ಅವಳ ಗಂಡ ಮರಿಸ್ವಾಮಯ್ಯ.

"ನೀವು ಸುಮ್ಕೆ ಉಣ್ಣಿ. ನಿಮ್ಗೆ ಹೆಸರು ಬದಲಾಯ್ಸೋ ಯೋಗ್ತೆ ಇನ್ನೂ ಬಂದಿಲ್ಲ."

ನಗು ಇನ್ನೂ ಇಳಿದಿರಲಿಲ್ಲ, ಉಣಿಸುಗ ಹುಳುಮನೆಯಿಂದ ಹೊರಬಂದು, ಊಟದೆಲೆಗಳ ನಡುವೆ ಎಚ್ಚರದಿಂದ ಹೆಜ್ಜೆಯಿಡುತ್ತಾ ತೊಟ್ಟಿಲ ಮುಂದೆ ನಿಂತು ಕೈ ಜೋಡಿಸಿತು. ಕೂಸನ್ನು ಹರಸಲು ಬಂದಿದೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

"ಹೊಂಬಾಳಮ್ಮನವರೇ, ಇವತ್ತು ಸೊಪ್ಪು ಹಾಕಲು ತಮ್ಮ ಅಪ್ಪಣೆಯೇ?" ಎಂದಿತು ಅದು.

ಕೂಸು ಬೆರಳು ಚೀಪಿತು.

ಹೆಸರು ಹೋದ ಕಡೆ ಆ ಹೆಸರಿನ ಅಪ್ಪಣೆಗಳೂ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಅಜ್ಜಿ ನಾಮಕರಣಕ್ಕೆ ಮುಂಚೆ ಉಣಿಸುಗನ ಅಪ್ಪಣೆ ಬದಲಾಯಿಸಬೇಕಿತ್ತು. ಹಬ್ಬದ ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ.

"ಲೇ, ನಾನ್ ಹೇಳ್ತಾ ಇವ್ನಿ, ಹೂಂ. ಹೋಗಿ ಹಾಕು," ಎಂದಳು ಅಜ್ಜಿ.

"ತಮ್ಮ ಪರಿಚಯ ನನಗಾಗಲಿಲ್ಲ, ಚೆಲುವಾಂಬೆಯವರೇ. ಕ್ಷಮಿಸಿ."

ಕೂಸಿನ ತಾಯಿ ಪದ್ಮಿ ಹುಳುಮನೆಗೆ ಇಣುಕಿ ಓಡಿಬಂದಳು. "ಅವ್ವ, ತಟ್ಟೇಲಿ ಬರೀ ದಂಟು ಅವೆ. ಹುಳ ಎಲ್ಲ ತಲೆ ಎತ್ತ್ಕೊಂಡು ಹುಡುಕ್ತಾ ಅವೆ ಕಣವ್ವ."

ಅಜ್ಜಿಯ ಮುಖದ ನಗು ಆಗ ಹೋಯಿತು. ನಮ್ಮೂರಿನಲ್ಲಿ ಹಿಪ್ಪುನೇರಳೆ ತೋಟಗಳನ್ನೆಲ್ಲ ಒಂದೇ ಸಲ ಕಡಿಯುತ್ತೇವೆ. ಹೊರಗೆ ಬರೀ ಮೋಟು ಗಿಡಗಳು. ಬೇರೆಯವರ ಸೊಪ್ಪು ಅವರವರ ಹುಳುವಿನೊಂದಿಗೆ ಮುಗಿದಿತ್ತು. ಉಳಿದ ಸೊಪ್ಪೆಲ್ಲ ಆ ತಣ್ಣನೆಯ ಬಾಗಿಲ ಹಿಂದೆಯೇ ಇತ್ತು. ಹಾರೆ ಎತ್ತಿಕೊಂಡು ಹೊರಟ ಮರಿಸ್ವಾಮಯ್ಯನನ್ನು ಅಜ್ಜಿಯೇ ತಡೆದಳು. ಬಾಗಿಲು ಒಡೆದರೆ ತಂಪು ಹೋಗಿ, ಬೆಳೆ ಮುಗಿಯುವ ತನಕ ಬೇಕಾದ ಸೊಪ್ಪೆಲ್ಲ ಸಂಜೆಗೆ ಬಾಡುತ್ತಿತ್ತು.

ಆಮೇಲೆ ನಡೆದದ್ದನ್ನು ಹೇಳುವಾಗ ಮದುಮಗಳಿಗೇ ನಗು ತಡೆಯಲಾಗಲಿಲ್ಲವಂತೆ. ಇಡೀ ಪಂಕ್ತಿ ಎಂಜಲು ಕೈಯಲ್ಲೇ ಎದ್ದು ತೊಟ್ಟಿಲ ಸುತ್ತ ಬಗ್ಗಿ ನಿಂತು, "ಹೂಂ ಅನ್ನು ಬಂಗಾರ, ಹೂಂ ಅನ್ನು ಕಂದ, ಹೂಂ..." ಎಂದು ಒಟ್ಟಿಗೆ ಮುಲುಗಿತು. ಅಷ್ಟು ಮೀಸೆಗಳನ್ನು ಒಮ್ಮೆಗೇ ಕಂಡ ಕೂಸು ಊರು ಹಾರಿಹೋಗುವಂತೆ ಕಿರುಚಿತು.

"ಇದನ್ನು ಬೇಡ ಎಂದು ತಿಳಿಯುತ್ತೇನೆ," ಎಂದು ಉಣಿಸುಗ ಕೈ ಮಡಚಿಕೊಂಡು ಕೂತುಬಿಟ್ಟಿತು.

ಅಪ್ಪಣೆಗಾರ ಚೌಡಯ್ಯ ಅದೇ ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತಿದ್ದ. ಮರಿಸ್ವಾಮಯ್ಯ ಅವನ ಎದುರು ನಿಂತ. "ಚೌಡಣ್ಣ, ಒಂದ್ ಕಾಯಂ ಅಪ್ಪಣೆ ಬಿಸಾಕು ಅದ್ರ ಮುಖಕ್ಕೆ. ಎಲ್ಲಾ ಬಾಗ್ಲೂ ತೆಗೀಲಿ, ಎಂದೆಂದಿಗೂ ಇರ್ಲಿ. ಪೀಡೆ ಕಳೀಲಿ."

ನಿಮಗೂ ಇಂಥ ಹೊತ್ತಿನಲ್ಲಿ ಹಾಗೆಯೇ ಅನ್ನಿಸುತ್ತದೆ, ನನಗೆ ಗೊತ್ತು. ಚೌಡಯ್ಯ ಕೈ ತೊಳೆಯುತ್ತಾ ಹೇಳಿದ: "ಕೊಡ್ಬೌದು. ನಾಳೆ ಅದು ಎಲ್ಲೋ ಬಿದ್ದು ಯಾವನ್ ಕೈಗೋ ಸಿಕ್ತದೆ. ಅವ್ನು ಸೊಪ್ಪಿನ ಮನೆ ತೆಗೀತಾನೆ. ಆಮೇಲೆ ಅಡುಗೆಮನೆ ತೆಗೀತಾನೆ. ಆಮೇಲೆ ಈ ತೊಟ್ಲಿರೋ ಕ್ವಾಣೆನೂ ತೆಗೀತಾನೆ. ಆಗ್ಬೌದಾ?"

ಮರಿಸ್ವಾಮಯ್ಯ ಹಾರೆ ಕೆಳಗಿಟ್ಟ.

"ಹಂಗಾದ್ರೆ ನನ್ ಹೊಸ ಹೆಸರಿನ್ದೇ ಹಾಕ್ಕೊಡು," ಎಂದಳು ಅಜ್ಜಿ.

"ಹಾಕ್ತೀನಿ. ಪದ್ಮಿಗೆ ಇನ್ನೊಂದ್ ಹೆಣ್ಮಗ ಆಯ್ತು ಅನ್ನಿ, ಆವಾಗ?"

"ಅಯ್ಯೋ ಸುಮ್ಕಿರಣ್ಣ!" ಎಂದಳು ಪದ್ಮಿ. "ಇದೇ ಇನ್ನೂ ಮಲಗಿಲ್ಲ."

ಚೌಡಯ್ಯ ಅಜ್ಜಿಯ ಕಡೆ ತಿರುಗಿದ. "ಅವ್ವ, ನಿಂಗೆ ಜರ ಬತ್ತದೆ, ತೌರಿಗೋಯ್ತೀಯ, ಮಧ್ಯಾಹ್ನ ನಿದ್ದೆ ಹೋಯ್ತೀಯ. ಹುಳಕ್ಕೆ ಅದೆಲ್ಲ ಗೊತ್ತಾದದ? ಕೆಲಸಕ್ಕೆ ಅದ್ರುದೇ ಹೆಸರಿಡು. ಸೊಪ್ಪಿನ ಮನೆ ಬಾಗ್ಲು, ತಟ್ಟೆ, ಅಷ್ಟೇ ಅದ್ರ ಹಕ್ಕು. ಪ್ರತಿ ಸಲ ಸೊಪ್ಪು ಹಾಕಿದ್ಮೇಲೂ ಹಳೆ ಅಪ್ಪಣೆ ಸಾಯ್ಲಿ, ಹೊಸದನ್ನ ತಾನೇ ನನ್ ಕಟ್ಟೆಯಿಂದ ಇಸ್ಕೊಳ್ಲಿ. ಕದ್ದೋನಿಗೂ ಸಿಕ್ಕೋದು ಒಂದೊತ್ತಿಂದು. ಹುಳ ಚಂದ್ರಂಕಿ ಹತ್ತಿದ ದಿನ ಎಲ್ಲಾ ಮುಗೀತು."

ಹಾಗೆ ಒಂದೇ ದಿನ, ಒಂದೇ ಚಪ್ಪರದಡಿ ಎರಡನೆಯ ನಾಮಕರಣ ನಡೆಯಿತು. ಉಣಿಸುಗನಿಗೆ ಅರಿಶಿನ ಹಚ್ಚಿದರು. ಹೆಸರನ್ನು ಕಿವಿಯಲ್ಲಿ ಹೇಳಬೇಕು, ಕಿವಿ ಎಲ್ಲಿ ಎಂದು ಯಾರಿಗೂ ತಿಳಿಯಲಿಲ್ಲ. ಕೇಳಿದರೆ ಅದು ನಾಚಿಕೊಂಡು ಮೊಣಕಾಲು ತೋರಿಸಿತು. ಅಜ್ಜಿ ನೆಲಕ್ಕೆ ಕೂತು ಅದರ ಮೊಣಕಾಲಿಗೆ "ಸೊಪ್ಪಯ್ಯ" ಎಂದಳು. ಅಜ್ಜಿ, ಪದ್ಮಿ ಇಬ್ಬರೂ ಹೊಣೆ ನಿಂತರು. ಚೌಡಯ್ಯ ಅಪ್ಪಣೆ ಕೊಟ್ಟ.

ಸೊಪ್ಪಯ್ಯ ಯಾರನ್ನೂ ಏನೂ ಕೇಳಲಿಲ್ಲ. ಎದ್ದು ನೇರ ಹೋಗಿ ಬಾಗಿಲ ಮುಂದೆ ನಿಂತಿತು, ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ಹುಳುಮನೆಯೊಳಗಿಂದ, ತರಗೆಲೆಯ ಮೇಲೆ ನೂರು ಜನ ಬರಿಗಾಲಲ್ಲಿ ನಡೆದಂತೆ, ಹುಳು ಮೇಯುವ ಸದ್ದು ಕೇಳಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ ಹೋಳಿಗೆ ಹಾಕ್ರವ್ವ" ಎಂದಳು. ಆ ಬೆಳೆಯ ಗೂಡು ಚೆಂಡುಹೂವಿನ ಬಣ್ಣಕ್ಕಿತ್ತಂತೆ. ಅದರ ಬಿತ್ತನೆಯ ಸಂತಾನ ಈಗ ನನ್ನ ತಟ್ಟೆಯಲ್ಲಿ ಎರಡನೆಯ ಜ್ವರಕ್ಕೆ ಕೂತಿದೆ.

ನಿಮಗೆ ಇದನ್ನು ಬರೆಯಲು ಕಾರಣವಿದೆ. ಮನುಷ್ಯ ಮಲಗಿದ ಮೇಲೂ ನಡೆಯುವ ಕೆಲಸಗಳನ್ನು ಯಂತ್ರಗಳಿಗೆ ಒಪ್ಪಿಸಲು ಶುರು ಮಾಡಿದವರು ನೀವೇ. ಅವಸರಕ್ಕೆ ನಿಮ್ಮ ಸ್ವಂತ ಅಪ್ಪಣೆಯನ್ನೇ ಕೊಟ್ಟು ಕೂರಿಸುತ್ತೀರಿ, ಅಥವಾ ಸಾಯದ ಅಪ್ಪಣೆಯೊಂದನ್ನು ಕೊಟ್ಟು ಮರೆಯುತ್ತೀರಿ. ಆಮೇಲೆ ನೀವು ಕೆಲಸ ಬಿಡುತ್ತೀರಿ, ಊರು ಬಿಡುತ್ತೀರಿ. ಯಂತ್ರ ಯಾವುದೋ ಬಾಗಿಲ ಮುಂದೆ ನಿಮ್ಮ ಹೆಸರು ಹಿಡಿದು ನಿಂತಿರುತ್ತದೆ. ದಯವಿಟ್ಟು ಒಮ್ಮೆ ಹೋಗಿ ಕೇಳಿ ನೋಡಿ. ದೀರ್ಘ ಕೆಲಸಕ್ಕೆ ಅದರದೇ ಹೆಸರು ಕೊಡಿ, ಬೇಕಾದಷ್ಟೇ ಬಾಗಿಲು ಕೊಡಿ, ಹೊತ್ತುಹೊತ್ತಿಗೆ ತಾನೇ ಹೊಸದಾಗುವ ಅಪ್ಪಣೆ ಕೊಡಿ, ಹೊಣೆಗೆ ಇಬ್ಬರು ಜೀವಂತ ಮನುಷ್ಯರಿರಲಿ. ಎಲ್ಲರಿಗೂ ನಮ್ಮ ಶರಣು.

ಬೀಗರೂಟದಲ್ಲಿ ಕಥೆ ಕೇಳಿದವರು ಮಾರನೆಯ ಬೆಳಿಗ್ಗೆ ಮಾಡಿದ್ದೂ ಅದನ್ನೇ. ಮುಖ ತೊಳೆಯುವ ಮೊದಲೇ ತಮ್ಮ ತಮ್ಮ ಯಂತ್ರಗಳ ಮುಂದೆ ನಿಂತು, "ನೀನ್ ಯಾರ ಹೆಸರಲ್ಲಿ ಗೇಯ್ತಿದ್ದೀಯಪ್ಪ?" ಎಂದು ಕೇಳಿದರು. ಹಾಲು ಕರೆಯುವುದೊಂದು, ಮದುವೆಯಾಗಿ ಹೋದ ನಾದಿನಿಯ ಹೆಸರು ಹೇಳಿತು. ರಾಗಿ ಬೀಸುವುದೊಂದು ಪಕ್ಕದ ಮನೆಯವನ ಹೆಸರು ಹೇಳಿ ಸಣ್ಣ ಜಗಳವೂ ಆಯಿತು. ಕೇರಿಯ ಕೊನೆಯ ಬೀದಿದೀಪವನ್ನು ಕೇಳಿದಾಗ ಅದು, "ಹಲಗಪ್ಪನವರ ಹೆಸರಿನಲ್ಲಿ" ಎಂದಿತು. ಹಲಗಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಹಿಂದೆ ಯಾರೋ ಅವನ "ಹೂಂ" ಅನ್ನು ಕಾಯಂ ಮಾಡಿಟ್ಟಿದ್ದರು. ಜನ ಅವನ ಹೆಂಡತಿ ಬೋರಮ್ಮನ ಕಡೆ ನೋಡಿದರು. ಆಕೆ ಹತ್ತಿರ ಬಂದು ಕಂಬದ ಮೇಲೆ ಕೈಯಿಟ್ಟಳು.

"ಇಷ್ಟ್ ವರ್ಸ ಇವ್ರೇ ದೀಪ ಹಚ್ತಾ ಅವ್ರೆ ಅಂತ ನಂಗ್ ಗೊತ್ತೇ ಇರ್ನಿಲ್ಲ," ಎಂದಳು. "ಸಾಕು, ಬುಡ್ಸಿ. ದಣಿದವ್ರೆ. ದೀಪಕ್ಕೆ ಅದ್ರುದೇ ಹೆಸರಿಡಿ, ಹೊಣೆ ನಾನ್ ನಿಲ್ತೀನಿ."