ಬಡಿಗೇರ ಓಣಿಯ ಮೂರು ಡಬ್ಬಿಗಳು

22 ಜನವರಿ 2025, ಬುಧವಾರ

ಕುರುಗೋಡಿನಿಂದ ಇವತ್ತು ಮೂವತ್ತೊಂದು ಡಬ್ಬಿ ಬಂದವು. ಅಲ್ಲಿನ ಆಶಾ ಕಾರ್ಯಕರ್ತೆ ಚನ್ನಬಸಮ್ಮ ಐಸ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದಾಳೆ. ಪಕ್ಕದ ಸೀಟಿನವರು ಮೀನೇ ಎಂದು ಕೇಳಿದರಂತೆ. ಹೌದು ಎಂದಳಂತೆ. ಮಲ ಎಂದಿದ್ದರೆ ಕಂಡಕ್ಟರ್ ಇಳಿಸುತ್ತಿದ್ದ.

ಸಿರುಗುಪ್ಪದ ಅರವತ್ತು ಕಳೆದ ವಾರವೇ ಮುಗಿದಿವೆ. ಇವತ್ತಿಗೆ ಕುರುಗೋಡಿನ ಅರವತ್ತೂ ಆದವು. ಮೂವತ್ತರಿಂದ ಐವತ್ತೈದು ವಯಸ್ಸಿನ, ಹೊಲದ ಕೂಲಿಗೆ ಹೋಗುವ ಹೆಂಗಸರು. ಒಬ್ಬೊಬ್ಬರಿಂದ ಬೆಳಗಿನ ಉಗುಳು, ಬೆಳಗಿನ ಮಲ. ಉಗುಳಿನಲ್ಲಿ ಕಾರ್ಟಿಸಾಲ್ — ಒತ್ತಡದ ಹಾರ್ಮೋನು — ಎಷ್ಟಿದೆ. ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ. ಮೂರಕ್ಕೂ ಸಂಬಂಧ ಉಂಟೇ? ಹನ್ನೆರಡು ವರ್ಷ ಇಲಿಗಳಲ್ಲಿ ಹುಡುಕಿದೆ. ಮನುಷ್ಯರಲ್ಲಿ ಇದೇ ಮೊದಲು.

ಅಬ್ಬಾ ಪೇಪರ್ ಓದುತ್ತ, ಏನಾದರೂ ಸಿಕ್ಕಿತಾ ಎಂದರು. ನಲವತ್ತು ವರ್ಷ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಏಜೆಂಟರು; ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಗಳ ಜೊತೆ. ಐಸ್ ಕರಗಿರಲಿಲ್ಲ ಎಂದೆ. ಅದೂ ಸುದ್ದಿಯೇ ಎಂದರು.

24 ಜನವರಿ, ಶುಕ್ರವಾರ

ರಕ್ತದ ಪರೀಕ್ಷೆ ಮುಗಿಯಿತು. ಸಿರುಗುಪ್ಪ: ಅರವತ್ತರಲ್ಲಿ ಒಂದು ಪಾಸಿಟಿವ್. ಕುರುಗೋಡು: ಅರವತ್ತರಲ್ಲಿ ಮೂರು.

ಮೂರೂ ಒಂದೇ ಓಣಿಯವು. ಬಡಿಗೇರ ಓಣಿ. ಪಟ್ಟಿ ಎರಡು ಸಲ ನೋಡಿದೆ. ದುರುಗಮ್ಮ 38, ಕೊಟ್ರಮ್ಮ 45, ಪಂಪಾವತಿ 41.

ಆಕಸ್ಮಿಕ ಇರಬಹುದು. ಇರಲಾರದು... ನೀರು? ಹೊಲದ ಔಷಧಿ? ಊಹೆ ಬೇಡ. ಮೊದಲು ಅವರಿಗೆ ತಿಳಿಸಬೇಕು.

27 ಜನವರಿ, ಸೋಮವಾರ

ಕುರುಗೋಡಿಗೆ ಹೋಗಿ ಬಂದೆ. ಚನ್ನಬಸಮ್ಮನ ಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಹೇಳಿದೆ. ಮೂಲವ್ಯಾಧಿ ಇರಬಹುದು, ಹುಣ್ಣು ಇರಬಹುದು, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಡಾಕ್ಟರಿಗೆ ತೋರಿಸಲೇಬೇಕು.

ಸಿರುಗುಪ್ಪದ ಒಂದು ಪಾಸಿಟಿವ್ ಗಾದೆಮ್ಮನದು; ಮೊನ್ನೆ ಇದೇ ಮಾತಿಗೆ ಅತ್ತಿದ್ದಳು. ಇವರು ಚಹಾ ಕೊಟ್ಟರು. ದುರುಗಮ್ಮ ತಲೆ ಆಡಿಸಿದಳು. ಪಂಪಾವತಿ ಕೈಗಡಿಯಾರ ನೋಡಿಕೊಂಡಳು. ಕೊಟ್ರಮ್ಮ ಮಾತ್ರ ಕೇಳಿದಳು: “ಹಂಗಾದ್ರ ಕ್ಯಾನ್ಸರ್ ಇರಬಹುದೇನ್ರಿ? ಇದ್ರ ಹೆಂಗ ಗೊತ್ತಾಕೈತಿ?”

ಧ್ವನಿಯಲ್ಲಿ ಕಾಳಜಿ ಇತ್ತು. ಹೆದರಿಕೆ ಇರಲಿಲ್ಲ. ಒತ್ತಡವನ್ನು ಅಳೆಯಲು ಹೊರಟವಳಿಗೆ ಇದು ಅರ್ಥವಾಗಲಿಲ್ಲ. ಬರೆದಿಟ್ಟಿದ್ದೇನೆ.

18 ಫೆಬ್ರವರಿ, ಮಂಗಳವಾರ

ಬೆಂಗಳೂರಿನಿಂದ ಬ್ಯಾಕ್ಟೀರಿಯಾ ವರದಿ ಬಂತು. ಮೂವರ ಪಟ್ಟಿ ಒಂದರ ಮೇಲೊಂದು ಇಟ್ಟರೆ ಗೆರೆ ತಪ್ಪುವುದಿಲ್ಲ. ಮೂವರಲ್ಲೂ ಒಂದು ವಿಶೇಷ ಜಾತಿ — ಬಾಯಲ್ಲಿ ಇರಬೇಕಾದದ್ದು, ಕರುಳಿನ ಗಡ್ಡೆಗಳಲ್ಲಿ ಆಗಾಗ ಸಿಗುವಂಥದ್ದು. ಉಳಿದ ಐವತ್ತೇಳು ಜನರಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ.

ಒಂದೇ ಓಣಿ, ಒಂದೇ ಕೆಲಸ, ಒಂದೇ ಬ್ಯಾಕ್ಟೀರಿಯಾ, ರಕ್ತ. ಇಂಥದ್ದು ವೃತ್ತಿಯಲ್ಲಿ ಒಮ್ಮೆ ಸಿಕ್ಕರೆ ಸಿಕ್ಕಿತು. ಪ್ರಬಂಧಕ್ಕೆ ಶೀರ್ಷಿಕೆ ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ.

ಒಂದೇ ಒಂದು ಕಿರಿಕಿರಿ. ಉಗುಳಿನ ಕಾರ್ಟಿಸಾಲ್ ಮೂವರದೂ ಬೇರೆ ಬೇರೆ. ದುರುಗಮ್ಮನದು ಪಂಪಾವತಿಯ ಎರಡರಷ್ಟು.

19 ಫೆಬ್ರವರಿ, ಬುಧವಾರ

ಲ್ಯಾಬ್ ಟೆಕ್ನಿಶಿಯನ್ ನದೀಮ್ ವರದಿಯನ್ನು ಹತ್ತು ನಿಮಿಷ ನೋಡಿದ. “ಮೇಡಂ, ಅಕ್ಕ ತಂಗೇರದೂ ಇಷ್ಟು ಹೊಂದಂಗಿಲ್ಲ. ಒಂದೇ ಸ್ಯಾಂಪಲ್ ಮೂರು ಸಲ ಹಾಕೀವೇನು?”

ಸಿಟ್ಟು ಬಂತು. ಆಮೇಲೆ ಇಬ್ಬರೂ ಫ್ರೀಜರ್ ತೆಗೆದೆವು. ಮೂರು ಡಬ್ಬಿ, ಮೂರು ನಂಬರ್, ಚನ್ನಬಸಮ್ಮನ ಕೈಬರಹ. ನಮ್ಮ ತಪ್ಪಿಲ್ಲ. ಆದರೆ ಅವನ ಮಾತು ಸರಿ. ಒಂದೇ ತಟ್ಟೆಯಲ್ಲಿ ಉಂಡರೂ ಇಬ್ಬರ ಕರುಳು ಇಷ್ಟು ಒಂದೇ ಆಗುವುದಿಲ್ಲ.

ಹೊಸ ಡಬ್ಬಿ ಕಳಿಸಿದ್ದೇನೆ. ಮೂವರಿಂದ ಮತ್ತೆ. ಚನ್ನಬಸಮ್ಮ ಬಾಗಿಲಲ್ಲೇ ನಿಂತು ತರಬೇಕು.

21 ಫೆಬ್ರವರಿ, ಶುಕ್ರವಾರ

ಮೂರೂ ನೆಗೆಟಿವ್. ರಕ್ತದ ಸುಳಿವೇ ಇಲ್ಲ.

ಪ್ರಬಂಧ ಹೋಯಿತು. ಮಧ್ಯಾಹ್ನವೆಲ್ಲ ಅದೇ ಬೇಜಾರು. ನಾಲ್ಕು ಗಂಟೆಗೆ ಚಹಾ ಕುಡಿಯುವಾಗ ಹೊಳೆಯಿತು, ನಾಚಿಕೆಯೂ ಆಯಿತು. ಉಗುಳು ಅವರವರದು; ಮೊದಲ ಮೂರು ಡಬ್ಬಿಯಲ್ಲಿದ್ದ ಮಲ ಮಾತ್ರ ಒಬ್ಬಳದೇ. ಅವಳಿಗೆ ರಕ್ತ ಹೋಗುತ್ತಿದೆ. ಕ್ಯಾನ್ಸರ್ ಇರಬಹುದು. ಅವಳು ನನ್ನ ಪಟ್ಟಿಯಲ್ಲಿಲ್ಲ. ಪರೀಕ್ಷೆಯಾಗಿ ನಾಲ್ಕು ವಾರ ಕಳೆದಿವೆ.

ಯಾರು?

24 ಫೆಬ್ರವರಿ, ಸೋಮವಾರ

ದುರುಗಮ್ಮನ ಅಂಗಳ. ಮೂವರೂ ಇದ್ದರು, ಚನ್ನಬಸಮ್ಮನೂ. ಯಾರ ಮೇಲೂ ಸಿಟ್ಟಿಲ್ಲ ಎಂದು ಮೊದಲೇ ಹೇಳಿದೆ.

ದುರುಗಮ್ಮ ಬಾಯಿ ಬಿಟ್ಟಳು. “ಅವತ್ತು ಮೆಣಸಿನಕಾಯಿ ಬಿಡಿಸಾಕ ಹೋಗೋ ಟೆಂಪೋ ಐದೂವರಿಗೇ ಬಂತ್ರಿ. ಮೂವರಿಗೂ ಬರ್ಲಿಲ್ಲ. ಖಾಲಿ ಡಬ್ಬಿ ಹೆಂಗ ಕೊಡೂದ್ರಿ ನಿಮಗ? ಒಬ್ರ ಮನಿ ಪಾತ್ರಿ ಬಂದ್ರ ನಾವು ಖಾಲಿ ಕಳಸಂಗಿಲ್ಲ.”

ನಗು ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲೂ ಹಾಗೇ. ಪಕ್ಕದವರ ಬಟ್ಟಲು ಬಂದರೆ ಅಮ್ಮಿ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಅವರೂ ನಕ್ಕರು. ಹಾಗಾದರೆ ತುಂಬಿಸಿದ್ದು ಯಾರು ಎಂದೆ. ನಗು ನಿಂತಿತು. ಆಣೆ ಹಾಕಿಸಿಕೊಂಡಿದ್ದಾಳೆ ಎಂದಳು ಕೊಟ್ರಮ್ಮ. ಯಾರು ಎನ್ನಲಿಲ್ಲ. ಆದರೆ ಎದುರು ಮನೆ ನೋಡಿದಳು.

ಅಲ್ಲಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಹೆಂಗಸು ಎದ್ದು ಬಂದಳು. ದೊಡ್ಡಬಸಮ್ಮ. ಕೊಟ್ರಮ್ಮನ ಸೋದರತ್ತೆ. ಅರವತ್ತೊಂದು.

“ನಂದ ಐತಿ ತಂಗಿ. ನೀ ಬರಕೊಳ್ಳಲಿಲ್ಲ. ವಯಸ್ಸು ಮೀರೈತಿ ಅಂದಿ. ಯಾರ ಹೆಸರಿನ್ಯಾಗ ಹೋದ್ರೇನು, ಹೊಟ್ಟಿ ನಂದ.”

ದಸರಾದಿಂದ ರಕ್ತ ಕಾಣುತ್ತಿದೆಯಂತೆ. ಒಬ್ಬಳೇ ಬಂದು ಕೇಳಲು ನಾಚಿಕೆ. ಓಣಿಗೆ ಡಬ್ಬಿ ಬಂದಾಗ ದಾರಿ ಸಿಕ್ಕಿತು ಎಂದುಕೊಂಡಳು. ಫಲಿತಾಂಶವನ್ನು ಕೊಟ್ರಮ್ಮ ಅವತ್ತೇ ಮುಟ್ಟಿಸಿದ್ದಾಳೆ. ಮತ್ತೆ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದೆ.

“ತಿಳಿಯೂತನಕ ತಿಳೀಬೇಕು ಅನಿಸ್ತಿತ್ತು. ತಿಳಿದ ಮ್ಯಾಲೆ ಹೆದರಿಕಿ ಆತು.”

25 ಫೆಬ್ರವರಿ, ಮಂಗಳವಾರ

ಹೆಸರು ನೋಂದಾಯಿಸಿದ ದಿನದ ಪುಟ ತೆಗೆದೆ. 9 ಜನವರಿ. ಬಸ್ ಎಷ್ಟು ಗಂಟೆಗೆ ಹೊರಟಿತು ಎಂದು ಬರೆದಿದ್ದೇನೆ. ಎಷ್ಟು ಫಾರ್ಮ್, ಎಷ್ಟು ಸಹಿ, ಎಷ್ಟು ಹೆಬ್ಬೆಟ್ಟು. ದೊಡ್ಡಬಸಮ್ಮ ಇಲ್ಲ.

ನೆನಪಿಸಿಕೊಳ್ಳಲು ನೋಡಿದೆ. ಸಾಲಿನಲ್ಲಿ ಯಾರೋ ಆಧಾರ್ ಚಾಚಿದ್ದು, ನಾನು ಹುಟ್ಟಿದ ವರ್ಷ ನೋಡಿ ವಾಪಸ್ ಕೊಟ್ಟದ್ದು... ಮುಖ ನೋಡಿರಲಿಲ್ಲ. ಐವತ್ತೈದರ ಮಿತಿ ಹಾಕಿದ್ದು ನಾನೇ. ಲೆಕ್ಕ ಸ್ವಚ್ಛ ಇರಲಿ ಎಂದು. ಈ ಕಾಯಿಲೆ ಹೆಚ್ಚು ಬರುವುದು ಆ ವಯಸ್ಸು ದಾಟಿದವರಲ್ಲಿ. ಗೊತ್ತಿತ್ತು.

ಎಥಿಕ್ಸ್ ಕಮಿಟಿಗೆ ಬರೆದೆ. ಒಂದು, ಮೂರು ಮಾದರಿ ರದ್ದು, ಕಾರಣ ಸಹಿತ. ಎರಡು, ವಯಸ್ಸಿನ ಮಿತಿ ತೆಗೆಯಲು ಅನುಮತಿ.

7 ಮಾರ್ಚ್, ಶುಕ್ರವಾರ

ದೊಡ್ಡಬಸಮ್ಮ ಎರಡು ಸಲ ಆಸ್ಪತ್ರೆಗೆ ಬರುತ್ತೇನೆಂದು ಬಾರದೆ ಹೋದಳು. ಒಮ್ಮೆ ಬಸ್ ತಪ್ಪಿತು, ಒಮ್ಮೆ ಎಮ್ಮೆ ಈಯುವುದಿತ್ತು. ಎಮ್ಮೆ ಮಾರಿ ವರ್ಷ ಆಯಿತು ಎಂದಳು ಚನ್ನಬಸಮ್ಮ.

ಇವತ್ತು ದುರುಗಮ್ಮ, ಕೊಟ್ರಮ್ಮ, ಪಂಪಾವತಿ ಮೂವರೂ ಕೂಲಿ ಬಿಟ್ಟು ಅವಳನ್ನು ನಡುವೆ ಕೂರಿಸಿಕೊಂಡು ಬಳ್ಳಾರಿಗೆ ಬಂದರು. ಕರುಳಿನೊಳಗೆ ಕ್ಯಾಮೆರಾ ಹಾಕಿದರು. ಎಡಭಾಗದಲ್ಲಿ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಪರದೆಯ ಮೇಲೆ ತನ್ನ ಕರುಳು ನೋಡಬೇಕಿತ್ತಂತೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟಿದ್ದಕ್ಕೆ ಡಾಕ್ಟರ ಮೇಲೆ ಸಿಟ್ಟು. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು. ಇಷ್ಟು ಕೆಂಪಗೆ, ಇಷ್ಟು ನುಣ್ಣಗೆ ಇರುತ್ತದೆಂದು ಗೊತ್ತಿರಲಿಲ್ಲ ಎಂದಳು. ಗಡ್ಡೆಯ ಕಡೆ ಬೆರಳು ಇಟ್ಟು ತೆಗೆದಳು.

15 ಮಾರ್ಚ್, ಶನಿವಾರ

ಕ್ಯಾನ್ಸರ್. ಸ್ಕ್ಯಾನ್‌ನಲ್ಲಿ ಲಿವರ್ ಸ್ವಚ್ಛ ಇದೆ. ಬೇರೆಡೆ ಹರಡಿದಂತೆ ಕಾಣುವುದಿಲ್ಲ. ತಡವಾಗಿಲ್ಲ, ಇನ್ನು ತಡ ಮಾಡಬೇಡಿ ಎಂದರು ಸರ್ಜನ್.

ಅಬ್ಬಾ ಇಫ್ತಾರಿಗೆ ಖರ್ಜೂರ ಬಿಡಿಸುತ್ತ ಎಲ್ಲ ಕೇಳಿಸಿಕೊಂಡರು. ಒತ್ತಡದಿಂದ ಬಂತಾ, ಬ್ಯಾಕ್ಟೀರಿಯಾದಿಂದ ಬಂತಾ ಎಂದರು. ಗೊತ್ತಿಲ್ಲ ಎಂದೆ. ಹನ್ನೆರಡು ವರ್ಷದ ಮೇಲೂ? ಹನ್ನೆರಡು ವರ್ಷದ ಮೇಲೂ.

27 ಮಾರ್ಚ್, ಗುರುವಾರ. ಬೆಳಿಗ್ಗೆ 6:25

ಆಸ್ಪತ್ರೆ, ಎರಡನೇ ಮಹಡಿ. ಏಳಕ್ಕೆ ಒಳಗೆ ಕರೆದೊಯ್ಯುತ್ತಾರೆ. ಮೂವರೂ ಬೆಂಚಿನ ಮೇಲೆ. ನನಗೆ ರೋಜಾ ಉಪವಾಸ, ದೊಡ್ಡಬಸಮ್ಮನಿಗೆ ಆಪರೇಷನ್. “ನಿಂದೂ ಖಾಲಿ ಹೊಟ್ಟಿ, ನಂದೂ ಖಾಲಿ ಹೊಟ್ಟಿ” ಎಂದು ನಕ್ಕಳು.

ಕಮಿಟಿಯ ಅನುಮತಿ ಸೋಮವಾರವೇ ಬಂದಿದೆ ಎಂದು ಹೇಳಿದೆ. ಗುಣವಾದ ಮೇಲೆ ಸೇರಬಹುದು, ಅವಸರವಿಲ್ಲ ಎಂದೆ. ಬೆಂಚಿನತ್ತ ನೋಡಿ ಕೇಳಿದಳು: ಉಗುಳಿನಲ್ಲಿ ಹೆದರಿಕೆ ಕಾಣುತ್ತದೆ ಅಂದಿದ್ದೆಯಲ್ಲ, ಖರೇನಾ? ಸ್ವಲ್ಪ ಮಟ್ಟಿಗೆ ಎಂದೆ.

“ಮತ್ತ ಇವತ್ತ ತಗೋ. ಇಷ್ಟು ಹೆದರಿಕಿ ನನಗ ಎಂದೂ ಆಗಿಲ್ಲ. ಗುಣ ಆದ ಮ್ಯಾಲೆ ಏನ್ ಸಿಗತೈತಿ ನಿನಗ?”

6:40

ಸಿಸ್ಟರನ್ನು ಕೇಳಿದೆ, ಉಗುಳಲು ಅಡ್ಡಿಯಿಲ್ಲ. ಫಾರ್ಮ್ ಓದಿ ಹೇಳಿದೆ. ಹೆಬ್ಬೆಟ್ಟು ಬೇಡ, ಸಹಿ ಹಾಕುತ್ತೇನೆ ಎಂದಳು. ಹಾಕಿದಳು.

ಬಾಯಿ ಒಣಗಿದೆ. ಬರುತ್ತಿಲ್ಲ. ಹುಣಸೆಹಣ್ಣು ನೆನೆಸ್ಕೋ ಅತ್ತಿ ಎಂದಳು ಕೊಟ್ರಮ್ಮ. ಮಾತಾಡಿಸಬ್ಯಾಡ ಎಂದು ದೊಡ್ಡಬಸಮ್ಮ ಕೈಯಲ್ಲೇ ಗದರಿಸಿದಳು.

ಒಂದು ಮಿಲಿಲೀಟರ್ ಬೇಕು. ಕಾಲು ಆಗಿದೆ.

6:52

ಅರ್ಧ. ಸ್ಟ್ರೆಚರ್ ಬಂತು. ತಡೀರಿ ಎಂದು ಅವರಿಗೆ ಬೆರಳು ತೋರಿಸಿದಳು. ಟ್ಯೂಬ್ ತುಟಿಯಿಂದ ತೆಗೆದಿಲ್ಲ. ಕಣ್ಣು ಗೆರೆಯ ಮೇಲೇ ಇದೆ.

ಮುಕ್ಕಾಲು. ಇನ್ನೊಂದು ಸ್ವಲ್ಪ —