ಹೈಪೋ, ಹೈಪರ್

ಅಕ್ಕಾ,

ನೀನು ಕಳಿಸಿದ ಸ್ವೆಟರ್ ತಲುಪಿತು. ಪೊಟ್ಟಣ ಬಿಚ್ಚಿಲ್ಲ.

ನರ್ಸಿಂಗ್ ಓದುವಾಗ ಉದ್ದುದ್ದ ಇಂಗ್ಲಿಷ್ ಪದ ಕಂಡರೆ ನನ್ನ ನಾಲಿಗೆ ಒಣಗುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿ, ಹೈಪೋಗ್ಲೈಸೀಮಿಯಾದ ನಡುನಡುವೆ ಪೆನ್ಸಿಲ್ ಗೆರೆ ಎಳೆದವಳು ನೀನು. "ಇಡೀ ಪದ ನುಂಗೋಕೆ ಹೋಗ್ಬೇಡ ಕಣೇ, ತುಂಡು ಮಾಡ್ಕೋ. ಹೈಪೋ ಅಂದ್ರೆ ಕಡಿಮೆ, ಹೈಪರ್ ಅಂದ್ರೆ ಜಾಸ್ತಿ. ನಡುವಿನ ಗ್ಲೈಸ್ ಸಕ್ಕರೆ, ಬಾಲದ ಈಮಿಯಾ ರಕ್ತ." ಒತ್ತೆಲ್ಲ 'ಸೀ' ಮೇಲೆ ಬೀಳುತ್ತದೆ, ಅದರ ಹಿಂದಿನ 'ಪೋ', 'ಪರ್' ಎರಡೂ ಬಾಯಲ್ಲೇ ಸವೆದುಹೋಗುತ್ತವೆ, ಅಲ್ಲಿ ಹುಷಾರಾಗಿರಬೇಕು ಎಂದವಳೂ ನೀನೇ.

ಆ ಮಧ್ಯಾಹ್ನ ನಮ್ಮ ಆಸ್ಪತ್ರೆಯ ಲ್ಯಾಬಿನಿಂದ ನೀನೇ ನಮ್ಮ ವಾರ್ಡಿಗೆ ಫೋನ್ ಮಾಡಿದೆ. ಆರನೇ ಹಾಸಿಗೆಯ ಟೈಲರ್ ರಿಪೋರ್ಟು. ಅಂಕಿ ಹೇಳಲಿಲ್ಲ, ಪದ ಮಾತ್ರ ಗಡಿಬಿಡಿಯಲ್ಲಿ ಉದುರಿಸಿದೆ. ನನಗೆ 'ಸೀ' ಕೇಳಿಸಿತು, ಪದದ ತಲೆ ಕೇಳಿಸಲಿಲ್ಲ. "ಅಕ್ಕಾ, ಬಿಡಿಸಿ ಹೇಳು" ಎಂದೆ. "ಇನ್ನೆಷ್ಟು ಸಲ ಪಾಠ ಮಾಡ್ಲೇ ನಿನಗೆ? ಊಟಕ್ಕೆ ಹೊರಟಿದೀನಿ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಮತ್ತೆ ಕೇಳಲು ನನಗೆ ನಾಚಿಕೆಯಾಯಿತು. ಹೈಪರ್ ಎಂದು ಬರೆದೆ. ಅದು ನನ್ನ ತಪ್ಪು, ಅಲ್ಲವೆನ್ನುವುದಿಲ್ಲ. ಡಾಕ್ಟರು ಅದನ್ನು ನೋಡಿ ಇನ್ಸುಲಿನ್ ಕೊಡಿಸಿದರು. ಮೊದಲೇ ಇಳಿದಿದ್ದ ಸಕ್ಕರೆ ತಳ ಸೇರಿತು. ಟೈಲರ್ ಬದುಕಿದರು. ಆದರೆ ಈಗ ಅವರಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ, ಮಗಳ ಹೆಸರು ನೆನಪಾಗುವುದಿಲ್ಲ.

ವಿಚಾರಣೆಯ ದಿನ ನೀನು ಹೇಳಿದ್ದು ಎರಡೇ ಮಾತು: "ನಾನು ಬಿಡಿಸಿ ಬಿಡಿಸಿ ಹೇಳಿದೀನಿ ಸರ್. ಅವಳಿಗೆ ಮೊದಲಿಂದಲೂ ಇಂಗ್ಲಿಷ್ ಅಷ್ಟಕ್ಕಷ್ಟೇ." ಯಾರೋ ಮುಸಿಮುಸಿ ನಕ್ಕರು. ಅಕ್ಕನ ಕೆಲಸವಾದರೂ ಉಳಿಯಲಿ ಎಂದು ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಹೋದದ್ದಕ್ಕೆ ಹೊಟ್ಟೆ ಅಷ್ಟು ಉರಿಯಲಿಲ್ಲ ಅಕ್ಕಾ. ನಿನ್ನೊಬ್ಬಳ ಮುಂದೆ ಸಂಕೋಚವಿಲ್ಲದೆ ತೊದಲಿದ್ದೆ. ಅದನ್ನೇ ಹತ್ತು ಜನರ ಮುಂದೆ ಎತ್ತಿ ಆಡಿದೆಯಲ್ಲ, ಅದಕ್ಕೆ ಉರಿಯಿತು.

ಮೊನ್ನೆ ಟೈಲರ್ ಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಬೈಯಲಿಲ್ಲ. "ಅವತ್ತು ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು" ಎಂದಳು. ಎಲ್ಲ ಹೇಳಿದೆ. ಸೋಮವಾರ ಆಸ್ಪತ್ರೆಯವರಿಗೂ ಅದನ್ನೇ ಬರೆದುಕೊಡುತ್ತೇನೆ. ನಿನ್ನ ಕೆಲಸ ಹೋಗಬಹುದು. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡವೆಂದು ಮೊದಲೇ ತಿಳಿಸುತ್ತಿದ್ದೇನೆ. ತಂಗಿಯಾಗಿ ನನ್ನಿಂದಾಗುವುದು ಇಷ್ಟೇ.

ನಿನ್ನನ್ನು ಹರಸುವಷ್ಟು ದೊಡ್ಡವಳಲ್ಲ ನಾನು; ಶಪಿಸಲು ಮನಸ್ಸು ಬರುವುದಿಲ್ಲ. ಆರೋಗ್ಯ ನೋಡಿಕೋ.

ನಿನ್ನ ತಂಗಿ