ಬರೆಯಬಾರದಿದ್ದ ಎರಡು ಸಾಲು

೧೦ ಅಕ್ಟೋಬರ್ ೧೯೯೯, ಭಾನುವಾರ

ಮತ್ತೆ ಮಧ್ಯಾಹ್ನದ ಟ್ರೇನ್. ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ನ್ಯೂ ಬ್ರನ್ಸ್‌ವಿಕ್, ಅಲ್ಲಿಂದ ಸೇತುವೆ ದಾಟಿ ನಡೆದು ಹೈಲ್ಯಾಂಡ್ ಪಾರ್ಕ್. ಸಂಗೀತದ ಕ್ಲಾಸಿಗೆ ಇದು ಮೂರನೇ ವಾರ. ಇವತ್ತೂ ನಿಂತೇ ನುಡಿಸಬೇಕಾಯಿತು. ಹದಿನಾಲ್ಕು ವರ್ಷ ಮೈಸೂರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಲಿತವಳು. ನಿಂತರೆ ಪಿಟೀಲು ಜಾರುತ್ತದೆ, ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಟೀಚರ್ ಪೆರ್ಲ್. ಎಪ್ಪತ್ತಾರು ವರ್ಷ, ನನ್ನ ಭುಜದಷ್ಟು ಎತ್ತರ, ಬಾಯಿ ಮಾತ್ರ ಜೋರು. ಪೂರ್ವ ಯುರೋಪಿನಿಂದ ಬಂದ ಯಹೂದಿ. ಅವರ ಯಿಡ್ಡಿಶ್ ಭಾಷೆಯ ಹಾಡು, ಕುಣಿತ, ಮದುವೆಮನೆಯ ಕ್ಲೆಜ್ಮರ್ ವಾದ್ಯ — ಮೂರನ್ನೂ ಒಟ್ಟಿಗೇ ಕಲಿಸುತ್ತಾರೆ. ನುಡಿಸುವವರು ಮೊದಲು ಕುಣಿಯಬೇಕು, ಕುಣಿಯುವವರು ಹಾಡಬೇಕು. ಯಾರಿಗೂ ವಿನಾಯಿತಿ ಇಲ್ಲ. ಕ್ಲಾರಿನೆಟ್ ನುಡಿಸುವ ಲಿಯೋ, ಔಷಧಿ ಅಂಗಡಿಯವರು, ಕುಣಿಯುವಾಗ ನನ್ನ ಕಾಲು ಎರಡು ಸಲ ತುಳಿದರು. ನಾನು ಒಂದು ಸಲ ಸೇಡು ತೀರಿಸಿಕೊಂಡೆ.

ಇನ್ನೊಂದು ನಿಯಮ. ಕಾಗದ ಇಲ್ಲ, ಟೇಪ್ ಇಲ್ಲ. ಕಿವಿಯಿಂದಲೇ ಕಲಿಯಬೇಕು. "ಬರೆದುಕೊಂಡವರು ಮುಂದಿನ ವಾರ ಬರಲ್ಲ," ಅನ್ನುತ್ತಾರೆ.

ಗಂಡನ ಜೊತೆ ಅಮೆರಿಕಕ್ಕೆ ಬಂದವಳ ಎಚ್-ಫೋರ್ ವೀಸಾ, ಕೆಲಸ ಮಾಡುವಂತಿಲ್ಲ. ಆರು ದಿನ ಪ್ಲೇನ್ಸ್‌ಬರೋ ಅಪಾರ್ಟ್‌ಮೆಂಟಿನಲ್ಲಿ ಶಿವಪ್ರಸಾದ್ ಅವರ ಹೆಂಡತಿ. ಭಾನುವಾರ ಮಾತ್ರ ಅರ್ಪಿತಾ. ಏನೇ ಆದರೂ ಈ ಕ್ಲಾಸನ್ನು ಬಿಡುವುದಿಲ್ಲ.

೧೬ ನವೆಂಬರ್

ಇವರಿಗೆ ವೈಟುಕೆ ಕೆಲಸ, ೨೦೦೦ ಬರುವ ಮುಂಚೆ ಕಂಪ್ಯೂಟರುಗಳ ತಾರೀಖು ತಿದ್ದುವುದು, ಶನಿವಾರವೂ ಆಫೀಸು. ಉಳಿದ ಹೊತ್ತು ಕೀಬೋರ್ಡ್. ಕನ್ನಡ ಕೂಟದ ಸಂಗೀತವೆಲ್ಲ ಇವರದೇ. ಇವತ್ತು ಹೊಸ ಟ್ಯೂನ್ ಕೇಳಿಸಿ "ಹೇಗಿದೆ?" ಎಂದರು. ಚೆನ್ನಾಗಿದೆ ಅಂದೆ. ಸುಳ್ಳು. ಎಲ್ಲ ಸ್ವರವೂ ಸರಿ, ಉಸಿರೇ ಇಲ್ಲ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ... ಇಲ್ಲಿ ಬರೆದೆ, ಹಗುರಾಯಿತು.

೧೩ ಫೆಬ್ರವರಿ ೨೦೦೦, ಸಂಜೆ ೬, ಟ್ರೇನಿನಲ್ಲಿ

ಇವತ್ತು ಪೆರ್ಲ್ ತಮ್ಮ ಅಮ್ಮನ ಧಾಟಿ ಕೊಟ್ಟರು. ಹುಡುಗಿಯನ್ನು ಹಸೆಗೆ ಕರೆತರುವಾಗ ಅವರಮ್ಮ ಹಾಡುತ್ತಿದ್ದದ್ದು. ಮಾತಿಲ್ಲ, ಬರೀ ರಾಗ. ಕೊನೆಯ ಸಲ ಹಾಡಿದ್ದು ಅಕ್ಕನ ಮದುವೆಯಲ್ಲಿ, ಯುದ್ಧ ಬರುವ ಮುಂಚಿನ ವರ್ಷ. ಅದನ್ನು ಕೇಳಿದವರಲ್ಲಿ ಈಗ ಉಳಿದಿರುವವರು ಪೆರ್ಲ್ ಒಬ್ಬರೇ.

ಮೂರು ಭಾಗ. ಇವತ್ತು ಎರಡು. ಮೂರನೆಯದು ಮೇ ತಿಂಗಳಲ್ಲಿ, ಎಲ್ಲರೂ ಸುತ್ತ ನಿಂತು ಕುಣಿಯುತ್ತ ಕಲಿಯಬೇಕಂತೆ. ಅಲ್ಲಿಯತನಕ ಧಾಟಿ ಆ ಕೋಣೆ ದಾಟಬಾರದು. ಒಬ್ಬೊಬ್ಬರ ಕೈ ಹಿಡಿದು ಮಾತು ತೆಗೆದುಕೊಂಡರು. ನನ್ನದನ್ನೂ.

ನಮ್ಮ ವಕುಲಾಭರಣ ರಾಗ ಅಂದುಕೊಂಡೆ. ಸ್ವರದ ಮೆಟ್ಟಿಲು ಅದೇ, ಆದರೆ ನಡೆ ಬೇರೆ — ನಡುನಡುವೆ ಬಿಕ್ಕುತ್ತದೆ, ಅಳು ನುಂಗಿಕೊಂಡ ಹಾಗೆ. ಸ್ಟೇಷನ್ ತಲುಪುವಷ್ಟರಲ್ಲಿ ಮರೆತುಬಿಡುತ್ತೇನೋ ಎಂದು ಭಯವಾಯಿತು. ಚಿಕ್ಕಂದಿನಿಂದ ಬಂದ ಅಭ್ಯಾಸ, ಕಲಿತದ್ದನ್ನು ಸ್ವರ ಹಾಕಿ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಇದು ನನ್ನ ಡೈರಿ. ಯಾರು ನೋಡುತ್ತಾರೆ?

ಸಾ ರಿಗಾ ಮಗರಿ ಸಾ — ಗಮಪಾ ದಪಮ ಗಾ
ಗಮಪ ದಾ ನಿದಪಾ — ಮಗಮ ಪಮ ದಾ

೧೯ ಮಾರ್ಚ್

ಮುಂದಿನ ತಿಂಗಳು ಕೂಟದ ಯುಗಾದಿ. ಇವರು ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿಕೊಂಡಿದ್ದಾರೆ. "ಸರ್‌ಪ್ರೈಸ್ ಐಟಂ, ನಿಂಗೂ ಹೇಳಲ್ಲ." ಪೆರ್ಲ್ ಅವರನ್ನು ಕರೆಯುತ್ತೇನೆ ಅಂದೆ. "ಅವರ್ಯಾಕೆ? ಕನ್ನಡ ಬರಲ್ಲ, ಬೋರ್ ಆಗುತ್ತೆ ಪಾಪ." ಆದರೂ ಕರೆದೆ. ನನ್ನ ಜನ ಹೇಗೆ ಹಾಡುತ್ತಾರೆ, ಅವರೂ ನೋಡಲಿ.

೯ ಏಪ್ರಿಲ್, ಭಾನುವಾರ

ಕೂಟದ ಯುಗಾದಿ ಮುಗಿಸಿ ಈಗ ಬಂದೆ.

ಕ್ಲಾಸಿನಿಂದ ನೇರವಾಗಿ ಲಿಯೋ ಕಾರಿನಲ್ಲಿ ಹೋದೆವು. ಪೆರ್ಲ್ ಒಳ್ಳೆಯ ಕೋಟು ಹಾಕಿದ್ದರು. ಹೋಳಿಗೆ ಎರಡು ತಿಂದರು. ಕೊನೆಯ ಐಟಂ. ಸಾಹಿತ್ಯ ಚಂದ್ರಶೇಖರಪ್ಪ ಅಂಕಲ್, ಹಾಡುವುದು ಭೂಮಿಕಾ, ಸ್ವಂತ ರಾಗಸಂಯೋಜನೆ ಶಿವಪ್ರಸಾದ್.

ಮೊದಲ ಸಾಲಿಗೇ ಪೆರ್ಲ್ ನನ್ನ ಕೈ ಹಿಡಿದರು. ಎರಡನೇ ಸಾಲಿನ ಕೊನೆಗೆ "ದ". ಅಲ್ಲಿ "ಪ" ಇರಬೇಕು. ಮರುವಾರವೇ ಪೆರ್ಲ್ ನನ್ನ ಪಿಟೀಲಿನ ಕಮಾನು ಹಿಡಿದು ನಿಲ್ಲಿಸಿ ತಿದ್ದಿದ್ದರು. ಡೈರಿಯಲ್ಲಿ ತಿದ್ದಿರಲಿಲ್ಲ. ಆ ತಪ್ಪು ಇಡೀ ಲೋಕದಲ್ಲಿ ಈ ಡೈರಿಯ ಆ ಪುಟದಲ್ಲಿ ಮಾತ್ರ ಇತ್ತು.

ಪೆರ್ಲ್ ಕೈ ಬಿಟ್ಟರು. "ಯಾರು ಬರೆದುಕೊಂಡದ್ದು?" ಎಂದರು. ಗೊತ್ತಿಲ್ಲ ಅಂದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರೂ ಎದ್ದರು, ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಹೋದರು.

೧೦ ಏಪ್ರಿಲ್

ಇವರನ್ನು ಕೇಳಿಯೇಬಿಟ್ಟೆ. "ನನ್ನ ಡೈರಿ ತೆಗೆದ್ರಾ?"

"ಡೈರಿ ಓದಿಲ್ಲ ಕಣೇ. ಸ್ವರ ಮಾತ್ರ ನೋಡ್ದೆ. ಟೇಬಲ್ ಮೇಲೇ ಇತ್ತಲ್ಲ."

"ಅದು ಪೆರ್ಲ್ ಅವರಮ್ಮಂದು. ನಾನು ಮಾತು ಕೊಟ್ಟಿದ್ದೆ."

"ಅಯ್ಯೋ, ಫೋಕ್ ಟ್ಯೂನಿಗೆ ಅಪ್ಪ ಅಮ್ಮ ಯಾರು? ಜನ ಎದ್ದು ಚಪ್ಪಾಳೆ ತಟ್ಟಿದ್ದು ಕಾಣ್ಲಿಲ್ವಾ ನಿಂಗೆ? ಸಿ.ಡಿ. ಮಾಡೋಣ ಅಂತಿದಾರೆ. ಒಂದ್ಸಲನಾದ್ರೂ ಖುಷಿ ಪಡು. ಉಸಿರಿಲ್ಲ ಅಂತಿದ್ಯಲ್ಲ, ಈಗ ಬಂತಲ್ಲ ಉಸಿರು!"

ಆ ಮಾತನ್ನು ನಾನು ಬಾಯಲ್ಲಿ ಯಾವತ್ತೂ ಆಡಿಲ್ಲ.

ಪೂರ್ತಿ ಓದಿದ್ದಾರೆ. ಎಷ್ಟು ದಿನದಿಂದಲೋ. ಅತ್ತೆಯ ಮೇಲೆ ಬರೆದದ್ದು, ಎರಡು ಸಲ ಮಗು ನಿಲ್ಲದೆ ಹೋದಾಗ ಬರೆದದ್ದು, ಎಲ್ಲ. ಓದಿ, ಮುಚ್ಚಿಟ್ಟು, ಬಂದು "ಕಾಫಿ ಕೊಡೇ" ಅಂದಿದ್ದಾರೆ. ಕದ್ದದ್ದಕ್ಕಿಂತ ಆ ಕಾಫಿಗೆ ಹೆಚ್ಚು ಸಿಟ್ಟು ಬರುತ್ತಿದೆ.

೧೬ ಏಪ್ರಿಲ್, ಭಾನುವಾರ

ಕ್ಲಾಸಿಗೆ ಹೋದೆ. ಎಲ್ಲರೂ ಬರುವ ಮೊದಲೇ ಪೆರ್ಲ್ ಮುಂದೆ ಒಪ್ಪಿಕೊಂಡೆ. ಗಂಡ ಕದ್ದರು, ನನ್ನನ್ನು ಕೇಳಲಿಲ್ಲ, ನನಗೂ ಮೋಸವಾಯಿತು... ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಯಾವತ್ತು ಬರೆದೆ?"

"ಅವತ್ತೇ. ಟ್ರೇನಲ್ಲಿ."

"ನಿನ್ನ ಗಂಡ ಯಾರೋ ನನಗೆ ಗೊತ್ತಿಲ್ಲ. ನಾನು ಕೈ ಹಿಡಿದದ್ದು ನಿನ್ನದು."

ಹೊರಗೆ ಹೋಗು ಅನ್ನಲಿಲ್ಲ. ಎಲ್ಲರ ಜೊತೆ ನಿಂತು ನುಡಿಸಿದೆ. ಎರಡನೇ ಸಾಲಿನ ಕೊನೆಗೆ ಬೇಕೆಂದೇ "ದ" ಹಿಡಿದೆ, ಗಟ್ಟಿಯಾಗಿ. ಬೈಯಲಿ, ಕಮಾನು ಕಿತ್ತುಕೊಳ್ಳಲಿ ಎಂದು. ಲಿಯೋ ತಿರುಗಿ ನೋಡಿದರು. ಪೆರ್ಲ್ ತಿದ್ದಲಿಲ್ಲ. ಮುಂದಿನವರ ಕಡೆ ಹೋದರು.

ಸೇತುವೆಯ ಮೇಲೆ ನಿಂತು ಅತ್ತೆ.

೭ ಮೇ, ಭಾನುವಾರ, ಮಧ್ಯಾಹ್ನ ೩

ಇವತ್ತು ಅಲ್ಲಿ ಮೂರನೇ ಭಾಗ. ನಾನು ಹೋಗಿಲ್ಲ. ಲಿಯೋ ಫೋನ್ ಮಾಡಿದ್ದರು. ಬರಬೇಡ ಅಂತ ಪೆರ್ಲ್ ಹೇಳಿಲ್ಲವಂತೆ. ಬಾ ಅಂತಲೂ ಹೇಳಿಲ್ಲವಂತೆ.

ಪಕ್ಕದ ರೂಮಿನಲ್ಲಿ ಕೀಬೋರ್ಡ್. ಸಿ.ಡಿ.ಗೆ ಹಾಡಿನ ಉದ್ದ ಸಾಲದಂತೆ. ಆಗಿಂದ ಕೂಗುತ್ತಿದ್ದಾರೆ — "ಅರ್ಪಿತಾ, ಇದಕ್ಕೆ ಮೂರನೇ ಭಾಗ ಇದೆ ಅಂತ ಬರ್ದಿದ್ಯಲ್ಲ, ಅದೇನು ಹೇಳೇ!"

ಹೇಗೂ ಓದುತ್ತೀರಿ. ಅದಕ್ಕೇ ಇಲ್ಲೇ ಹೇಳುತ್ತೇನೆ. ಅದು ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಈ ಹೊತ್ತಿಗೆ ಹನ್ನೊಂದು ಜನ ಕೈ ಕೈ ಹಿಡಿದು ಅದನ್ನು ಕಲಿಯುತ್ತಿದ್ದಾರೆ, ಹನ್ನೆರಡನೆಯವಳ ಜಾಗ ಮುಚ್ಚಿಕೊಂಡಿದೆ.

ಕೆಳಗೆ ಅರ್ಧ ಪುಟ ಬಿಡುತ್ತಿದ್ದೇನೆ. ಇಷ್ಟು ದಿನ ಓದಿದಿರಿ, ಇವತ್ತು ನೀವು ಬರೆಯಿರಿ. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ